ಸಮುದ್ರದ ಪಾಲು

ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟೊಡನೆ ನಮ್ಮ ಜನಪ್ರತಿನಿಧಿಗಳ ಭಾಷಣಗಳಲ್ಲಿಯೂ ಪತ್ರಿಕೆಗಳ ಶಿರೋನಾಮೆಗಳಲ್ಲಿಯೂ ತಪ್ಪದೆ ಕಾಣಿಸಿಕೊಳ್ಳುವ ಮಾತೊಂದುಂಟು: ಇಷ್ಟು ಟಿಎಂಸಿ ನೀರು ವ್ಯರ್ಥವಾಗಿ ಸಮುದ್ರದ ಪಾಲಾಯಿತು. ಸಮುದ್ರಕ್ಕೆ ಸಂದುದೆಲ್ಲವೂ ನಷ್ಟವೆಂದೆಣಿಸುವ ಈ ಮನೋಧರ್ಮವೇ ದೇವದುರ್ಗದ ನದೀತೀರದಲ್ಲಿ ಹಗಲಿರುಳೆನ್ನದೆ ಉಸುಕು ತೋಡುವ ಯಂತ್ರಗಳಿಗೆ ಅರ್ಧ ಪರವಾನಗಿಯನ್ನು ಬರೆದುಕೊಟ್ಟಿದೆಯೆಂದು ನಾನು ಹೇಳಿದರೆ, ಕಡಲನ್ನೇ ಕಾಣದ ರಾಯಚೂರಿನವನಿಗೇಕೆ ಕಡಲಿನ ಚಿಂತೆಯೆಂದು ನಗುವವರಿದ್ದಾರೆ.

ನಗಲಿ. ಅವರು ಉಣ್ಣುವ ಹಿಂಗಾರಿ ಜೋಳಕ್ಕೆ ತೇವವಿತ್ತ ಮಳೆ ಬಹುಮಟ್ಟಿಗೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತದ ಕೊಡುಗೆ; ಆ ಕೊಲ್ಲಿಯನ್ನೇ ಹಂಸಲದೀವಿಯ ಬಳಿ ನಮ್ಮ ಕೃಷ್ಣೆ, ತುಂಗಭದ್ರೆಯನ್ನೂ ಕೂಡಿಕೊಂಡು ಹೋಗಿ ಸೇರುತ್ತಾಳೆ. ನದಿಯು ಕಡಲಿಗೆ ಒಯ್ಯುವುದು ನೀರನ್ನು ಮಾತ್ರವಲ್ಲ. ಅವಳು ಹೊತ್ತ ಹೂಳಿನಿಂದಲೂ ಉಸುಕಿನಿಂದಲೂ ಮುಖಜಭೂಮಿಯು ಕಟ್ಟಲ್ಪಡುತ್ತದೆ, ಅವಳ ಸಿಹಿನೀರಿನ ಒತ್ತಡದಿಂದಲೇ ಉಪ್ಪುನೀರು ತೀರದ ಬಾವಿಗಳಿಂದ ದೂರ ನಿಲ್ಲುತ್ತದೆ, ಅವಳು ತಂದ ಪೋಷಕಾಂಶಗಳನ್ನು ನಂಬಿ ಅಳಿವೆಯ ಮೀನು ಮರಿಯಿಡುತ್ತದೆ, ಆ ಮೀನನ್ನು ನಂಬಿ ಬೆಸ್ತರ ಕೇರಿಗಳು ಬದುಕುತ್ತವೆ. ಜಗತ್ತಿನ ಮುಖಜಭೂಮಿಗಳು ಕುಸಿಯುತ್ತಿರುವುದನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೃಷ್ಣೆಯು ತನ್ನ ಮುಖಕ್ಕೆ ಒಯ್ಯುತ್ತಿದ್ದ ಹೂಳಿನಲ್ಲಿ ಶೇ. 94ರಷ್ಟು ನಿಂತುಹೋಗಿದೆಯೆಂದು ಲೆಕ್ಕವಿಟ್ಟಿತು.

ಇಲ್ಲಿ ಗುತ್ತಿಗೆದಾರರ ವಕಾಲತ್ತು ವಹಿಸುವವರು ಒಡನೆಯೇ ಎದ್ದು ನಿಲ್ಲುತ್ತಾರೆ: ಹೂಳನ್ನು ತಡೆದವು ಅಣೆಕಟ್ಟುಗಳು, ನಾವು ಬಿಟ್ಟ ಉಸುಕೂ ಶ್ರೀಶೈಲದಲ್ಲಿಯೋ ನಾಗಾರ್ಜುನಸಾಗರದಲ್ಲಿಯೋ ನಿಲ್ಲತಕ್ಕದ್ದೇ, ಹೀಗಿರಲು ನಮ್ಮ ಮೇಲೇಕೆ ದೂರು? ವಾದದ ಪೂರ್ವಾರ್ಧವು ನಿಜ. ತುಂಗಭದ್ರಾ ಜಲಾಶಯವೊಂದೇ ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಆದರೆ ಅದೇ ಸತ್ಯವು ಅವರ ವಿರುದ್ಧವೇ ಸಾಕ್ಷಿ ನುಡಿಯುತ್ತದೆ. ದೇವದುರ್ಗವಿರುವುದು ನಾರಾಯಣಪುರದ ಕೆಳಗೆ, ಮಾನವಿಯಿರುವುದು ತುಂಗಭದ್ರಾ ಅಣೆಯ ಕೆಳಗೆ. ಮೇಲಿನಿಂದ ಹೊಸ ಉಸುಕು ಬರುವ ದಾರಿ ಬಹುಮಟ್ಟಿಗೆ ಮುಚ್ಚಿರುವಲ್ಲಿ, ಇಂದು ಟಿಪ್ಪರುಗಳಿಗೆ ತುಂಬುವುದು ವರ್ಷವರ್ಷದ ಫಸಲಲ್ಲ, ಶತಮಾನಗಳ ಗಂಟು. ಅದು ಕರಗಿದ ಮೇಲೆ ದಡದ ಬಾವಿಗಳ ಒರತೆಯೂ ಇಳಿಯುವುದು. ಕಡಲಿಗಿಂತ ಮೊದಲು ಬಾಯಾರುವವರು ನಾವೇ.

ಬಡವನ ಮನೆಗೆ ಉಸುಕು ಬೇಡವೇ ಎಂದು ಕೇಳುವವರಿಗೆ ನನ್ನ ಉತ್ತರವು ಚಿಕ್ಕದು: ಬಡವನು ರಾತ್ರಿಯಲ್ಲಿ ಹಿಟಾಚಿಯನ್ನು ನದಿಗಿಳಿಸುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಾನವಿ ತಾಲೂಕಿನಲ್ಲಿ ಉಸುಕಿನ ಲಾರಿಯನ್ನು ತಡೆಯಹೋದ ಗ್ರಾಮಲೆಕ್ಕಿಗರೊಬ್ಬರು ಅದರ ಗಾಲಿಗೆ ಸಿಕ್ಕಿ ಮಡಿದರು. ಅದು ಯಾವ ಬಡವನ ಮನೆಗೆಂದು ಹೊರಟ ಲಾರಿ?

ಕಾನೂನಿನ ಕೊರತೆಯಿಲ್ಲ. ಸಣ್ಣ ಪ್ರಮಾಣದ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿಯೇ ಹೇಳಿದೆ. ತೋಡಿದಷ್ಟು ಉಸುಕು ಮರಳಿ ತುಂಬುವುದೇ ಎಂಬ ಅಧ್ಯಯನವನ್ನು ಕೇಂದ್ರದ 2020ರ ಮಾರ್ಗಸೂಚಿಯು ವಿಧಿಸಿದೆ. ಆ ಅಧ್ಯಯನವನ್ನು ಪ್ರತಿಯೊಂದು ಉಸುಕಿನ ಪಾಯಿಂಟಿಗೂ ನಡೆಸಿ, ಅದರ ಅಂಕಿಗಳನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸುವವರೆಗೆ ದೇವದುರ್ಗ, ಮಾನವಿಗಳಲ್ಲಿ ಒಂದು ಹೊಸ ಗುತ್ತಿಗೆಯನ್ನೂ ಜಿಲ್ಲಾಡಳಿತವು ಕೊಡಕೂಡದು.