ಮೀನಿನ ತೊಟ್ಟಿ ಹಸಿರಾದರೆ ಬೋರಿನ ನೀರನ್ನೂ ಕೇಳಿ

ಮನೆಗೆ ಹೊಸದಾಗಿ ಮೀನಿನ ಗಾಜಿನ ತೊಟ್ಟಿ ತಂದವರ ಗೋಳು ಎಲ್ಲ ಕಡೆ ಒಂದೇ. ಎರಡು ಮೂರು ವಾರಕ್ಕೆ ಗಾಜಿಗೆ ಕಂದು ಪೊರೆ ಹತ್ತುತ್ತದೆ, ಆಮೇಲೆ ಕಲ್ಲಿನ ಮೇಲೆ ಹಸಿರು ಹಾವಸೆ, ಕೊನೆಗೆ ಮೀನೇ ಕಾಣದಂತೆ ನೀರು ಹಸಿರುಗಟ್ಟುತ್ತದೆ. ಅಂಗಡಿಯವರು ಪಾಚಿ ಕೊಲ್ಲುವ ಔಷಧದ ಬಾಟಲಿ ಕೊಡುತ್ತಾರೆ. ಅನುಭವಿಗಳು ನೀರು ಬದಲಿಸಲು ಹೇಳುತ್ತಾರೆ. ಎರಡನೆಯ ಸಲಹೆ ಒಳ್ಳೆಯದೇ. ಆದರೆ ನಮ್ಮ ವಿಜಯಪುರ ಜಿಲ್ಲೆಯ ಅರಕೇರಿ, ತಿಕೋಟಾ, ಬಬಲೇಶ್ವರದ ಕಡೆ ಬೋರ್‌ವೆಲ್ ನೀರನ್ನೇ ತುಂಬುವವರು, ಹೊಸದಾಗಿ ಸುರಿಯುವ ಆ ನೀರಿನಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಬೇಕು ಎಂಬುದು ನನ್ನ ವಾದ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿದರೆ ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಈ ಕಣ್ಣಿಗೆ ಕಾಣದ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾವೋ ತೊಟ್ಟಿ ತಂದ ದಿನವೇ ಹತ್ತು ಮೀನು ಬಿಟ್ಟು, ಮಕ್ಕಳ ಕೈಗೆ ಆಹಾರದ ಡಬ್ಬಿ ಕೊಡುತ್ತೇವೆ. ನಮ್ಮ ಭಾಗದ ಗಡಸು ನೀರಿಗೆ ಇನ್ನೊಂದು ತೊಡಕಿದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಭಾಗ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ, ಬೇಸಿಗೆಯ ಕಾವು ಅದನ್ನು ಮತ್ತಷ್ಟು ಏರಿಸುತ್ತದೆ. ಈ ಹಂತ ದಾಟಿ ಬದುಕಿದ ಮೀನಿನ ಜೊತೆ ಉಳಿಯುವುದು ನೈಟ್ರೇಟ್. ಅದಕ್ಕೆ ಕಿಟಕಿಯ ಬಿಸಿಲು ಸೇರಿದರೆ ಪಾಚಿಗೆ ಹಬ್ಬ.

ನೈಟ್ರೇಟ್ ತಗ್ಗಿಸಲೆಂದೇ ನೀರು ಬದಲಿಸುವುದು. ಆದರೆ ಬರುವ ನೀರಿನಲ್ಲೇ ಅದಿದ್ದರೆ? ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ ಸುಮಾರು 49ರಲ್ಲಿ ನೈಟ್ರೇಟ್, ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿತ್ತು. ಹೊಲ, ತೋಟಕ್ಕೆ ಹಾಕುವ ಯೂರಿಯಾ, ತಿಪ್ಪೆ, ಶೌಚದ ಗುಂಡಿ ಎಲ್ಲದರ ಪಾಲೂ ಇದರಲ್ಲಿದೆ. ಹಾಗೆಂದು ಪ್ರತಿ ಬೋರೂ ಕೆಟ್ಟಿದೆ ಎಂದಲ್ಲ. ಪಕ್ಕಪಕ್ಕದ ಎರಡು ಬೋರುಗಳ ನೀರೇ ಬೇರೆ ಇರಬಹುದು. ಲೆಕ್ಕ ಮಾತ್ರ ಸರಳ. ತೊಟ್ಟಿಯಲ್ಲಿ 80, ಬೋರಿನಲ್ಲಿ 60 ಇದೆ ಅನ್ನಿ. ಕಾಲುಭಾಗ ಬದಲಿಸಿದರೆ 75ಕ್ಕೆ ಇಳಿಯುತ್ತದೆ. ದಿನಾ ಬದಲಿಸಿದರೂ 60ರ ಕೆಳಗೆ ಇಳಿಯುವುದಿಲ್ಲ. ಬಕೆಟ್ ಹೊತ್ತು ಹೊತ್ತು ಸೊಂಟ ನೋಯುವುದೊಂದೇ ಲಾಭ.

ಔಷಧ ಹಾಕಿದರೆ ಎರಡೇ ದಿನದಲ್ಲಿ ನೀರು ತಿಳಿಯಾಗುತ್ತದಲ್ಲ ಎನ್ನುವವರಿದ್ದಾರೆ. ಆಗುತ್ತದೆ, ನಿಜ. ಆದರೆ ಸತ್ತ ಪಾಚಿ ಅಲ್ಲೇ ಕೊಳೆತು, ಬೇಸಿಗೆಯಲ್ಲಿ ಮೊದಲೇ ಕಡಿಮೆಯಿರುವ ಆಮ್ಲಜನಕವನ್ನು ನುಂಗಿ, ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ಅದಕ್ಕಿಂತ ದುಬಾರಿ ತಪ್ಪು. ಬೆರಳುದ್ದದ ಮರಿ ಒಂದಡಿ ದಾಟಿ ಬೆಳೆದು ತಾನೇ ಹೆಚ್ಚು ಹೊಲಸು ಮಾಡುತ್ತದೆ. ಆಮೇಲೆ ಬೇಸತ್ತವರು ಅದನ್ನು ಹತ್ತಿರದ ಕೆರೆಗೋ ಬಾವಿಗೋ ಬಿಡುತ್ತಾರೆ. ದಕ್ಷಿಣ ಭಾರತದ ಹಲವು ಜಲಾಶಯಗಳಲ್ಲಿ ಈ ಪರದೇಶಿ ಮೀನು ಈಗಾಗಲೇ ಪೀಡೆಯಾಗಿದೆ. ವಿಜಯಪುರದ 1620ರ ತಾಜ್ ಬಾವಡಿಗೋ ಭೂತನಾಳ ಕೆರೆಗೋ ಆ ಗತಿ ಬರುವುದು ಬೇಡ. ನಗರದವರಿಗೆ ಕೃಷ್ಣೆಯ ನಲ್ಲಿ ನೀರು ಬರುತ್ತದಲ್ಲ ಎಂಬ ಆಕ್ಷೇಪ ಒಪ್ಪತಕ್ಕದ್ದೇ, ಅವರಿಗೆ ಬೋರಿನ ಚಿಂತೆ ಕಡಿಮೆ. ಅವರು ಕ್ಲೋರಿನ್ ಹೋಗಲು ನೀರನ್ನು ಒಂದು ದಿನ ತೆರೆದಿಟ್ಟರೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕದೆ ತೊಟ್ಟಿಯ ನೀರಿನಲ್ಲೇ ಹಿಂಡಿದರೆ ಸಾಕು. ಬೋರಿನವರು ಆರ್‌ಒ ನೀರನ್ನೋ ಶುಚಿಯಾಗಿ ಹಿಡಿದ ಮಳೆ ನೀರನ್ನೋ ಬೆರೆಸಬಹುದು. ಮನಿ ಪ್ಲಾಂಟಿನ ಬೇರು ತೊಟ್ಟಿಗೆ ಇಳಿಬಿಟ್ಟರೆ ಅದು ನೈಟ್ರೇಟ್ ಹೀರಿಕೊಳ್ಳುತ್ತದೆ. ದೀಪ ಆರರಿಂದ ಎಂಟು ತಾಸು ಮಾತ್ರ ಇರಲಿ, ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ.

ಬರ ಕಂಡ ಜಿಲ್ಲೆಯಲ್ಲಿ ಅಲಂಕಾರದ ಮೀನಿಗೆ ಇಷ್ಟು ವಿಚಾರವೇ ಎಂದು ಕೇಳಬಹುದು. ಅದೇ ಬೋರಿನ ನೀರಿನಲ್ಲಿ ಕೂಸಿನ ಹಾಲಿನ ಪುಡಿ ಕಲಸುವ ಮನೆಗಳಿವೆ. 45ರ ಮಿತಿ ಇಟ್ಟದ್ದು ಹಸುಗೂಸುಗಳನ್ನು ನೆನೆದೇ. ನೈಟ್ರೇಟ್ ಹೆಚ್ಚಾದರೆ ರಕ್ತ ಆಮ್ಲಜನಕ ಒಯ್ಯಲಾರದೆ ಮಗು ನೀಲಿಗಟ್ಟುತ್ತದೆ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ತೊಟ್ಟಿಯ ಹಸಿರು ಬೋರಿನಲ್ಲಿ ನೈಟ್ರೇಟ್ ಇದೆ ಎಂಬುದಕ್ಕೆ ಪುರಾವೆಯಲ್ಲ, ಹೆಚ್ಚು ಬೆಳಕಿನಿಂದಲೂ ಬಂದಿರಬಹುದು; ಪರೀಕ್ಷೆಗೆ ಅದೊಂದು ನೆಪವಾದರೂ ಸಾಕು. ಜಲಜೀವನ ಮಿಷನ್‌ನಡಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟ ನೀರು ಪರೀಕ್ಷೆಯ ಕಿಟ್‌ನಲ್ಲಿ ನೈಟ್ರೇಟ್ ನೋಡುವ ಸೌಲಭ್ಯವೂ ಇದೆ. ಪಾಚಿಯ ಔಷಧ ಕೊಳ್ಳುವ ಮೊದಲು ಒಂದು ಬಾಟಲಿ ಬೋರಿನ ನೀರು ತುಂಬಿಕೊಂಡು ಪಂಚಾಯಿತಿಗೆ ಹೋಗಿ ಬನ್ನಿ.