ಪ್ಲೇಆಫ್‌ನಲ್ಲಿ ತಲೆಗೆ ಬಿದ್ದ ಪೆಟ್ಟು ಲೆಕ್ಕಕ್ಕಿಲ್ಲವೇ?

ಮಾನ್ಯ ಸಂಪಾದಕರೇ,

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಿದೆ. ಕನ್ನಡದಲ್ಲಿ ಐಸ್ ಹಾಕಿ ಕುರಿತು ಬರೆಯುವವರೇ ಅಪರೂಪ, ಅದಕ್ಕೆ ಸಂತೋಷ. ಆದರೆ ಪ್ಲೇಆಫ್ ಬಂತೆಂದರೆ ರೆಫರಿಗಳು ಸೀಟಿ ಜೇಬಿಗಿಳಿಸುತ್ತಾರೆ, ಅಸಲಿ ಆಟ ಶುರುವಾಗುವುದೇ ಆಗ ಎಂಬ ಅದರ ಧಾಟಿಯನ್ನು ನಾನು ಒಪ್ಪಲಾರೆ. ಇಲ್ಲಿ ಕೆನಡಾದ ಟೀವಿ ವಿಶ್ಲೇಷಕರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಇದನ್ನೇ ಹೇಳುತ್ತಾರೆ. ಪೆಟ್ಟು ತಿಂದವರ ಗತಿ ಏನಾಯಿತು ಎಂದು ಕೇಳುವವರು ಕಡಿಮೆ.

2025ರ ಮೇ 5ರಂದು ಟೊರಾಂಟೊದಲ್ಲಿ ಎರಡನೇ ಸುತ್ತಿನ ಮೊದಲ ಪಂದ್ಯ. ಫ್ಲಾರಿಡಾ ಪ್ಯಾಂಥರ್ಸ್‌ನ ಸ್ಯಾಮ್ ಬೆನೆಟ್ ಗೋಲಿನ ಮುಂದೆ ಹಾದುಹೋಗುವಾಗ ಅವರ ಮೊಣಕೈ ಟೊರಾಂಟೊ ಗೋಲ್‌ಕೀಪರ್ ಆಂಥೊನಿ ಸ್ಟೊಲಾರ್ಜ್ ತಲೆಗೆ ಬಡಿಯಿತು. ಅಂಕಣದಲ್ಲಿ ಇಬ್ಬರು ರೆಫರಿಗಳು, ಇಬ್ಬರು ಲೈನ್ಸ್‌ಮನ್‌ಗಳು ಇದ್ದರು. ಒಬ್ಬರೂ ಸೀಟಿ ಊದಲಿಲ್ಲ. ಸ್ಟೊಲಾರ್ಜ್ ಸ್ವಲ್ಪ ಹೊತ್ತು ಹಾಗೇ ಆಡಿದರು. ಆಮೇಲೆ ಬೆಂಚಿನ ಬಳಿ ಬಂದು ವಾಂತಿ ಮಾಡಿಕೊಂಡರು, ಆಸ್ಪತ್ರೆಗೆ ಹೋದರು. ಸರಣಿ ಏಳನೇ ಪಂದ್ಯದವರೆಗೂ ಎಳೆಯಿತು, ಅವರು ಮತ್ತೆ ಆಡಲಿಲ್ಲ. ಅದೇ ಪಂದ್ಯದಲ್ಲಿ ಅದಕ್ಕೆ ಮುಂಚೆ ಪಕ್ (ಆಟದ ರಬ್ಬರ್ ಬಿಲ್ಲೆ) ಕೂಡ ಅವರ ಮುಖಗವಚಕ್ಕೆ ಬಡಿದಿತ್ತು, ಹಾಗಾಗಿ ಪೂರ್ತಿ ಹೊಣೆಯನ್ನು ಬೆನೆಟ್ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಆ ಮೊಣಕೈಗೆ ಎರಡು ನಿಮಿಷದ ಶಿಕ್ಷೆಯೂ ಸಿಗಲಿಲ್ಲ, ಲೀಗ್ ಆಮೇಲೆ ಅಮಾನತನ್ನೂ ಮಾಡಲಿಲ್ಲ. 2024ರ ಮೇನಲ್ಲಿ ಬೆನೆಟ್ ಅವರ ಗ್ಲೌಸ್ ತೊಟ್ಟ ಮುಷ್ಟಿ ಬಾಸ್ಟನ್‌ನ ಬ್ರ್ಯಾಡ್ ಮಾರ್ಷಂಡ್ ಮುಖಕ್ಕೆ ತಾಗಿದಾಗಲೂ ಇದೇ ಕತೆ. ಮಾರ್ಷಂಡ್ ಎರಡು ಪಂದ್ಯ ಹೊರಗೆ ಕೂತರು, ಬೆನೆಟ್ ಆಡುತ್ತಲೇ ಇದ್ದರು. 2025ರ ಪ್ಲೇಆಫ್‌ನ ಅತ್ಯುತ್ತಮ ಆಟಗಾರನೆಂದು ಕಾನ್ ಸ್ಮೈತ್ ಟ್ರೋಫಿ ಪಡೆದವರೂ ಅವರೇ. ಆಟದಲ್ಲಿ ಅದಕ್ಕೆ ಅರ್ಹರೇ ಹೌದು. ನನ್ನ ತಕರಾರು ಅವರೊಬ್ಬರ ಮೇಲಲ್ಲ, ಇದಕ್ಕೆಲ್ಲ ಎಡೆ ಮಾಡಿಕೊಟ್ಟ ನಿಯಮದ ಮೇಲೆ.

ರೆಫರಿಗಳ ಕಣ್ತಪ್ಪು ನನಗೆ ಅರ್ಥವಾಗುತ್ತದೆ. ಅಷ್ಟು ವೇಗದಲ್ಲಿ ಜಾರುವ ಆಟಗಾರರ ನಡುವೆ ತಾವೂ ಜಾರುತ್ತಲೇ ತೀರ್ಪು ಕೊಡುವ ಕೆಲಸ ಸುಲಭದ್ದಲ್ಲ. ಆದರೆ ಆ ತಪ್ಪನ್ನು ತಿದ್ದುವ ಬಾಗಿಲನ್ನು ಲೀಗ್ ಅರ್ಧ ಮಾತ್ರ ತೆರೆದಿದೆ. 2019ರ ಏಪ್ರಿಲ್ 23ರಂದು ಸ್ಯಾನ್ ಹೊಸೆ ಮತ್ತು ವೇಗಸ್ ನಡುವೆ ಏಳನೇ ಪಂದ್ಯ, ವೇಗಸ್ 3–0 ಮುಂದಿತ್ತು. ಕೋಡಿ ಈಕಿನ್ ಸ್ಟಿಕ್ಕಿನಿಂದ ನೂಕಿದ್ದಕ್ಕೆ ಜೋ ಪಾವೆಲ್ಸ್ಕಿ ಆಯ ತಪ್ಪಿ ಬಿದ್ದರು, ತಲೆ ಹಿಮಕ್ಕೆ ಅಪ್ಪಳಿಸಿ ರಕ್ತ ಬಂತು. ರೆಫರಿಗಳು ಐದು ನಿಮಿಷದ ದೊಡ್ಡ ಶಿಕ್ಷೆ ಕೊಟ್ಟರು. ವೇಗಸ್‌ಗೆ ಒಬ್ಬ ಆಟಗಾರ ಕಡಿಮೆಯಿದ್ದ ಆ ಅವಧಿಯಲ್ಲೇ ಸ್ಯಾನ್ ಹೊಸೆ ನಾಲ್ಕು ಗೋಲು ಹೊಡೆಯಿತು, ಕೊನೆಗೆ ಹೆಚ್ಚುವರಿ ಸಮಯದಲ್ಲಿ 5–4ರಿಂದ ಗೆದ್ದಿತು. ಶಿಕ್ಷೆ ಅತಿಯಾಯಿತೆಂದು ಲೀಗ್ ವೇಗಸ್ ತಂಡದ ಕ್ಷಮೆ ಕೇಳಿತು. ಅದೇ ಬೇಸಿಗೆಯಲ್ಲಿ ಹೊಸ ನಿಯಮ ಬಂತು: ಹೊಡೆದಾಟದ್ದು ಬಿಟ್ಟು ಬೇರಾವ ದೊಡ್ಡ ಶಿಕ್ಷೆ ಕೊಟ್ಟರೂ ರೆಫರಿ ವಿಡಿಯೊ ನೋಡಿ ಅದನ್ನು ಉಳಿಸಬೇಕು, ಇಲ್ಲವೇ ಇಳಿಸಬೇಕು.

ಒಳ್ಳೆಯದೇ. ಆದರೆ ರೆಫರಿ ಏನನ್ನೂ ಕೊಡದೇ ಹೋದರೆ? ಆಗ ವಿಡಿಯೊ ನೋಡುವ ಪ್ರಶ್ನೆಯೇ ಏಳುವುದಿಲ್ಲ. ಹೊಡೆದವನಿಗೆ ಹೆಚ್ಚು ಶಿಕ್ಷೆಯಾದರೆ ತಿದ್ದಲು ದಾರಿಯಿದೆ, ಹೊಡೆಸಿಕೊಂಡವನಿಗೆ ಅನ್ಯಾಯವಾದರೆ ಇಲ್ಲ. 2024–25ರ ಋತುವಿನಿಂದ, ರಕ್ಷಣೆಗಿಳಿದ ಆಟಗಾರ ಹೊಡೆದ ಪಕ್ ಗಾಜಿನ ಗೋಡೆ ದಾಟುವ ಮುನ್ನ ಯಾವುದಕ್ಕಾದರೂ ತಾಗಿತ್ತೇ ಎಂಬುದನ್ನೂ ಕೋಚ್‌ಗಳು ಪ್ರಶ್ನಿಸಿ ವಿಡಿಯೊದಲ್ಲಿ ನೋಡಿಸಬಹುದು. ಪಕ್‌ಗೆ ಸಿಕ್ಕ ಈ ಮರ್ಯಾದೆ ಮನುಷ್ಯನ ತಲೆಗೆ ಸಿಕ್ಕಿಲ್ಲ. ಕ್ರಿಕೆಟ್ ನೋಡುವ ನಿಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ: ಬೌಲರ್ ಗೆರೆ ದಾಟಿದ್ದು ಮೈದಾನದ ಅಂಪೈರ್‌ಗೆ ಕಾಣದಿದ್ದರೂ ಮೂರನೇ ಅಂಪೈರ್ ನೋಡಿ ನೋಬಾಲ್ ಎನ್ನುತ್ತಾರೆ.

ಆಮೇಲೆ ಅಮಾನತು ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. 2012ರ ಏಪ್ರಿಲ್‌ನಲ್ಲಿ ಫೀನಿಕ್ಸ್‌ನ ರಾಫಿ ಟೊರೆಸ್ ಡಿಕ್ಕಿ ಹೊಡೆದ ರಭಸಕ್ಕೆ ಶಿಕಾಗೊದ ಮರಿಯನ್ ಹೊಸ್ಸಾರನ್ನು ಸ್ಟ್ರೆಚರ್ ಮೇಲೆ ಸಾಗಿಸಬೇಕಾಯಿತು. ಆಗಲೂ ಸೀಟಿ ಇಲ್ಲ. ಟೊರೆಸ್ ಆಡುತ್ತಲೇ ಹೋದರು, ಆ ಪಂದ್ಯವನ್ನು ಅವರ ತಂಡವೇ ಗೆದ್ದಿತು. ಲೀಗ್ ನಂತರ 25 ಪಂದ್ಯ ಅಮಾನತು ಮಾಡಿ, ಮೇಲ್ಮನವಿಯಲ್ಲಿ 21ಕ್ಕೆ ಇಳಿಸಿತು. ಅದರಿಂದ ಶಿಕಾಗೊಗಾಗಲಿ ಹೊಸ್ಸಾಗಾಗಲಿ ಏನು ಬಂತು? ಇನ್ನೊಂದು ಮಾತು: ಆಟಗಾರರ ಸಂಬಳ ಲೀಗ್ ಹಂತದ ಪಂದ್ಯಗಳಿಗೆ ಮಾತ್ರ. ಪ್ಲೇಆಫ್ ಪಂದ್ಯ ತಪ್ಪಿದರೆ ಸಂಬಳದಲ್ಲಿ ಕಾಸೂ ಕಡಿತವಾಗುವುದಿಲ್ಲ. ದಂಡದ ಕತೆ ಇನ್ನೂ ವಿಚಿತ್ರ. 2021ರ ಮೇನಲ್ಲಿ, ಪ್ಲೇಆಫ್‌ಗೆ ಸ್ವಲ್ಪ ಮುಂಚೆ, ವಾಷಿಂಗ್ಟನ್‌ನ ಟಾಮ್ ವಿಲ್ಸನ್ ಕೆಳಗೆ ಬಿದ್ದವರ ಮೇಲೆ ಕೈ ಮಾಡಿದ್ದಕ್ಕೆ ಹಾಕಿದ್ದು 5,000 ಡಾಲರ್. ಅದನ್ನು ಖಂಡಿಸಿ, ಆಟಗಾರರ ಸುರಕ್ಷತಾ ವಿಭಾಗದ ಮುಖ್ಯಸ್ಥರು ಆ ಹುದ್ದೆಗೆ ಯೋಗ್ಯರಲ್ಲ ಎಂದ ಎದುರಾಳಿ ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ 2,50,000 ಡಾಲರ್! ಹೊಡೆದಿದ್ದಕ್ಕಿಂತ ದೂರಿದ್ದೇ ಐವತ್ತು ಪಟ್ಟು ದುಬಾರಿಯಾಯಿತು.

ರೆಫರಿಗಳು ಪಂದ್ಯದ ಫಲಿತಾಂಶ ನಿರ್ಧರಿಸಬಾರದು ಎಂಬ ವಾದ ಮೇಲ್ನೋಟಕ್ಕೆ ಸರಿ ಅನಿಸುತ್ತದೆ. ಸುಮ್ಮನಿರುವುದೂ ನಿರ್ಧಾರವೇ ಅಲ್ಲವೇ? 2019ರ ಫೈನಲ್‌ನ ಐದನೇ ಪಂದ್ಯದಲ್ಲಿ ಬಾಸ್ಟನ್‌ನ ನೋಯೆಲ್ ಅಚ್ಚಾರಿಯನ್ನು ಸೇಂಟ್ ಲೂಯಿಸ್ ಆಟಗಾರ ಬೀಳಿಸಿದರು, ಸೀಟಿ ಕೇಳಲಿಲ್ಲ, ಕ್ಷಣಗಳಲ್ಲೇ ಸೇಂಟ್ ಲೂಯಿಸ್ ಗೋಲು ಹೊಡೆಯಿತು. ಪಂದ್ಯ 2–1ರಿಂದ ಅವರದಾಯಿತು, ಕೊನೆಗೆ ಸ್ಟ್ಯಾನ್ಲಿ ಕಪ್ ಕೂಡ.

ನನ್ನ ಮಗ ಇಲ್ಲಿ ಮಕ್ಕಳ ಲೀಗಿನಲ್ಲಿ ಆಡುತ್ತಾನೆ. ರಗ್ಬಿಯಲ್ಲಿ ಮೇಲಿಂದ ಮೇಲೆ ತಲೆಗೆ ಪೆಟ್ಟಾಗಿ 2013ರಲ್ಲಿ ತೀರಿಕೊಂಡ 17ರ ಹುಡುಗಿ ರೋವನ್ ಸ್ಟ್ರಿಂಜರ್ ಹೆಸರಿನಲ್ಲಿ ಒಂಟಾರಿಯೊ ಕಾಯ್ದೆ ಮಾಡಿದೆ. ಅದರಂತೆ ಪ್ರತಿವರ್ಷ ನಾವು ತಂದೆತಾಯಂದಿರು ಮಿದುಳಿಗಾಗುವ ಪೆಟ್ಟಿನ ಲಕ್ಷಣಗಳನ್ನು ಓದಿ ಖಚಿತಪಡಿಸಬೇಕು. ವಾಂತಿ, ತಲೆಸುತ್ತು, ಮಂಪರು ಕಂಡರೆ ಮಗುವನ್ನು ತಕ್ಷಣ ಆಟದಿಂದ ಹೊರಗೆ ತರಬೇಕು. ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯುವುದನ್ನೇ ಹಾಕಿ ಕೆನಡಾ ನಿಷೇಧಿಸಿದೆ. ಹಗಲು ಇದನ್ನೆಲ್ಲ ಕಲಿಸಿ, ರಾತ್ರಿ ಟೀವಿ ಮುಂದೆ ಕೂತ ಮಗ "ಅಮ್ಮಾ, ಅವರಿಗೆ ಯಾಕೆ ಪೆನಾಲ್ಟಿ ಇಲ್ಲ?" ಎಂದು ಕೇಳಿದಾಗ ಪ್ಲೇಆಫ್ ಎಂದರೆ ಹೀಗೇ ಕಣೋ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮಾಂಟ್ರಿಯಲ್‌ನ ಮಹಾನ್ ಗೋಲ್‌ಕೀಪರ್, ವಕೀಲ, ಸಂಸದ ಕೆನ್ ಡ್ರೈಡನ್ 2017ರಲ್ಲೇ 'ಗೇಮ್ ಚೇಂಜ್' ಪುಸ್ತಕದಲ್ಲಿ ದಾರಿ ತೋರಿಸಿದ್ದರು: ತಲೆಗೆ ಬಿದ್ದ ಪೆಟ್ಟಿಗೆಲ್ಲ ಶಿಕ್ಷೆಯಾಗಲಿ. ಸ್ಟಿಕ್ ಮೇಲೆದ್ದು ಎದುರಾಳಿಯ ಮುಖಕ್ಕೆ ತಾಗಿದರೆ ಬೇಕೆಂದೇ ಮಾಡಿದೆಯಾ ಎಂದು ಯಾರೂ ಕೇಳುವುದಿಲ್ಲ: ಎರಡು ನಿಮಿಷ, ರಕ್ತ ಬಂದರೆ ನಾಲ್ಕು. ಆದರೆ ಭುಜ ತಲೆಗೆ ತಾಗಿದರೆ 2010ರಲ್ಲಿ ಬಂದ 48ನೇ ನಿಯಮ ಇಂದಿಗೂ ಪೆಟ್ಟು ಮುಖ್ಯವಾಗಿ ತಲೆಗೇ ತಾಗಿತ್ತೇ, ತಪ್ಪಿಸಬಹುದಿತ್ತೇ ಎಂದು ಲೆಕ್ಕ ಹಾಕುತ್ತದೆ. ಡ್ರೈಡನ್ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, ನಿಯಮ ಹಾಗೇ ಉಳಿಯಿತು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ತಲೆಗೆ ಪೆಟ್ಟು ಬಿದ್ದು ಆಟಗಾರ ಏಳಲು ತಡವರಿಸಿದರೆ, ಸೀಟಿ ಊದಿರಲಿ ಬಿಡಲಿ, ಟೊರಾಂಟೊದಲ್ಲಿರುವ ಲೀಗಿನ ವಿಡಿಯೊ ಕೊಠಡಿಯವರು ಆಟ ನಿಂತ ಕೂಡಲೇ ರೆಫರಿಯನ್ನು ಕರೆದು ಅದನ್ನು ತೋರಿಸಲಿ. ಅಮಾನತು ಮಾಡದಿದ್ದಾಗಲೂ ಏಕೆ ಮಾಡಲಿಲ್ಲ ಎಂದು ಲೀಗ್ ಬಾಯಿಬಿಟ್ಟು ಹೇಳಲಿ. ತಂಡಗಳ ಜನರಲ್ ಮ್ಯಾನೇಜರ್‌ಗಳು ಪ್ರತಿ ಮಾರ್ಚ್‌ನಲ್ಲಿ ಸೇರುತ್ತಾರೆ, ಹೊಸ ನಿಯಮಗಳ ಚರ್ಚೆ ನಡೆಯುವುದು ಅಲ್ಲಿಯೇ. ನಿಮ್ಮ ಪತ್ರಿಕೆ ಮುಂದಿನ ಸಲ ಪ್ಲೇಆಫ್ ಬಗ್ಗೆ ಬರೆಯುವಾಗ ಗೋಲುಗಳ ಜೊತೆಗೆ ಇದನ್ನೂ ಬರೆಯಲಿ ಎಂದು ಕೋರುತ್ತೇನೆ.

ಇತಿ,
ಆಟಗಾರನ ತಾಯಿ
ಬ್ರಾಂಪ್ಟನ್, ಒಂಟಾರಿಯೊ, ಕೆನಡಾ