ಹೂವು ಚೆಲುವಾದರೆ ಸಾಲದು

ಪುಣೆಯ ಶಿವಾಜಿನಗರದ ಹಳೆಯ ಕಂಪೌಂಡುಗಳ ಮೇಲೆ ಗುಲಾಬಿ ಬಣ್ಣದ ಗೊಂಚಲು ಹೊತ್ತು ಹಬ್ಬಿರುವ ಬಳ್ಳಿಯೊಂದನ್ನು ಇಲ್ಲಿಯವರು ಅಕ್ಕರೆಯಿಂದ ‘ಐಸ್‌ಕ್ರೀಮ್ ವೇಲ್’ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ಆಂಟಿಗೊನಾನ್ ಲೆಪ್ಟೋಪಸ್, ತವರು ಮೆಕ್ಸಿಕೊ. ಅದನ್ನು ಕಿತ್ತುಹಾಕೋಣವೆಂದು ನಮ್ಮ ವಸತಿ ಸಂಘದ ಸಭೆಯಲ್ಲಿ ನಾನು ಹೇಳಿದಾಗ ಹಿರಿಯರೊಬ್ಬರು ನಕ್ಕರು: “ನೀವೂ ಹೊರಗಿನಿಂದ ಬಂದವರೇ ಅಲ್ಲವೇ?” ಸಭೆಯೂ ನಕ್ಕಿತು. ಬಳ್ಳಿ ಉಳಿಯಿತು.

ಆ ಮಾತು ಚುರುಕಾಗಿತ್ತು, ಆದರೆ ತರ್ಕ ಪೊಳ್ಳು. ನನ್ನ ಆಕ್ಷೇಪ ಬಳ್ಳಿಯ ಹುಟ್ಟೂರಿನ ಬಗೆಗಲ್ಲ. ಮೆಣಸಿನಕಾಯಿ, ಸೀಬೆ, ಸೀತಾಫಲಗಳೂ ಅಮೆರಿಕ ಖಂಡದಿಂದಲೇ ಬಂದವು. ಬ್ಯಾಡಗಿ ಮೆಣಸಿಲ್ಲದ ಅಡುಗೆಯನ್ನು ಯಾವ ಕನ್ನಡಿಗ ಒಪ್ಪಿಯಾನು? ಆದರೆ ಮೆಣಸಿನ ಗಿಡ ಬದು ದಾಟಿ ನೆರೆಯ ಮರವನ್ನು ಮುಚ್ಚುವುದಿಲ್ಲ. ಈ ಬಳ್ಳಿ ಮುಚ್ಚುತ್ತದೆ. ಹೂಗೊಂಚಲಿನ ತುದಿಯ ನುಲಿಯೆಳೆಗಳಿಂದ ಆಸರೆ ಹಿಡಿದು ಏರಿ, ಕೆಳಗಿನವುಗಳ ಬಿಸಿಲನ್ನು ಕಸಿಯುತ್ತದೆ. ಮೇಲೆ ಕತ್ತರಿಸಿದರೆ ನೆಲದೊಳಗಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಅದರ ಕಾಯಿ ನೀರಿನಲ್ಲಿ ತೇಲಬಲ್ಲದು. ಮಳೆಗಾಲದ ಚರಂಡಿಯೇ ಅದಕ್ಕೆ ಹಾದಿ, ಮುಂದೆ ಮುಠಾ ನದಿಯ ದಂಡೆ.

‘ಜೇನುನೊಣಗಳು ಬರುತ್ತವಲ್ಲ’ ಎನ್ನುವವರಿದ್ದಾರೆ. ಬರುತ್ತವೆ, ನಿಜ. ಆದರೆ ಹತ್ತು ಬಗೆಯ ಹೂ ಬಿಡುತ್ತಿದ್ದ ಜಾಗದಲ್ಲಿ ಒಂದೇ ಬಗೆಯ ಹೂ ಉಳಿಯುವುದನ್ನು ಸಮೃದ್ಧಿಯೆನ್ನಲಾಗದು.

ಉದಾಸೀನದ ಬೆಲೆ ಈ ಊರಿಗೆ ಹೊಸದೂ ಅಲ್ಲ. ನಾವು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಭಾರತದಲ್ಲಿದೆಯೆಂದು 1956ರಲ್ಲಿ ಮೊದಲು ದಾಖಲಾದದ್ದು ಪುಣೆಯಿಂದಲೇ. ಅದನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟದ್ದು 1984ರಲ್ಲಿ. ಅಷ್ಟರಲ್ಲಿ ಕಳೆ ದೇಶವನ್ನೇ ವ್ಯಾಪಿಸಿತ್ತು.

ಇನ್ನು ಆ ನಗೆಯ ವಿಷಯ. ಮನುಷ್ಯರನ್ನು ಕಳೆಗೆ ಹೋಲಿಸುವುದು ವಿನೋದವಲ್ಲ, ಅವಿವೇಕ. ಬೆಂಗಳೂರಿನ ವಲಸಿಗರ ಬಗ್ಗೆ ಇದೇ ಹೋಲಿಕೆಯನ್ನಾಡುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ. ಪರವೂರಿಗೆ ಬಂದವನು ನೆರೆಯವರ ನುಡಿ ಕಲಿಯಬಲ್ಲ, ಅವರ ಕಷ್ಟಕ್ಕೆ ಒದಗಬಲ್ಲ, ತನ್ನ ಮಿತಿಯನ್ನು ಅರಿಯಬಲ್ಲ. ಬಳ್ಳಿಗೆ ಆ ಆಯ್ಕೆಯಿಲ್ಲ. ಅದಕ್ಕೇ ಅದರ ಹೊಣೆ ನೆಟ್ಟವರದು.

ಕಾಯಿ ಬಲಿಯುವ ಮುನ್ನ ಗೆಡ್ಡೆಸಹಿತ ಅಗೆದು ತೆಗೆಯಬೇಕು; ಮತ್ತೆ ಚಿಗುರಿದಲ್ಲಿ ಮತ್ತೆ ಅಗೆಯಬೇಕು. ನರ್ಸರಿಗಳು ಅದರ ಮಾರಾಟ ನಿಲ್ಲಿಸಬೇಕು. ಗೋಡೆಗೆ ಹೂಬಳ್ಳಿಯೇ ಬೇಕೆಂದರೆ ಈ ನೆಲದ್ದೇ ಆದ ಮಾಧವಿಲತೆಯಿದೆ. ಮುಂದಿನ ಸಭೆಯಲ್ಲಿ ನಾನು ಮತ್ತೆ ಎದ್ದು ನಿಲ್ಲುತ್ತೇನೆ, ಮರಾಠಿಯಲ್ಲೇ ಹೇಳುತ್ತೇನೆ. ನಗುವವರು ನಗಲಿ, ಗುದ್ದಲಿ ನನ್ನದೇ.